ಬಾಗಿಲು ಮುಚ್ಚಿದ್ದ ನಾಡಿನಲ್ಲಿ ಗಾಲಿಯ ಮನೆ

ಯುರೋಪಿಗೆ ಹೋಗಿಬಂದವನನ್ನು ನಮ್ಮ ಜನ ಮೊದಲು ಕೇಳುವುದು ಪ್ಯಾರಿಸಿನ ಗೋಪುರದ ವಿಚಾರ. ಆಮೇಲೆ ಸ್ವಿಟ್ಜರ್ಲೆಂಡಿನ ಹಿಮದ ವಿಚಾರ. ಎರಡನ್ನೂ ನೋಡದೆ ಬಂದೆನೆಂದಾಗ ಅವರ ಮುಖದಲ್ಲಿ ಮೂಡುವ ಕನಿಕರದ ಪರಿಚಯ ನನಗೀಗ ಚೆನ್ನಾಗಿ ಆಗಿದೆ. "ಮತ್ತೆಲ್ಲಿಗೆ ಹೋಗಿದ್ದಿರಿ?" "ಅಲ್ಬೇನಿಯಾಕ್ಕೆ." ಒಂದು ಕ್ಷಣ ಮೌನ. "ಅರ್ಮೇನಿಯಾ ಇರಬೇಕು" ಎಂದು ಸ್ನೇಹಿತರೊಬ್ಬರು ನನ್ನನ್ನೇ ತಿದ್ದಿದರು. ಇನ್ನೊಬ್ಬರು ಮರ್ಯಾದಸ್ಥರು, ಏನೂ ಕೇಳದೆ ಒಳಗೆ ತಿರುಗಿ ಕಾಫಿಗೆ ಹೇಳಿದರು.

ಅಲ್ಬೇನಿಯಾ ಇರುವುದು ಗ್ರೀಸಿನ ಉತ್ತರಕ್ಕೆ, ಇಟಲಿಯ ಹಿಮ್ಮಡಿಗೆ ಎದುರಾಗಿ. ನಡುವೆ ಒಂದು ರಾತ್ರಿಯ ಹಡಗು ಪಯಣದಷ್ಟು ನೀರು. ವಿಸ್ತೀರ್ಣ 28,748 ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದ ಏಳರಲ್ಲೊಂದು ಪಾಲಿಗಿಂತ ಕೊಂಚ ಹೆಚ್ಚು. 2023ರ ಜನಗಣತಿಯಂತೆ ಜನಸಂಖ್ಯೆ ಸುಮಾರು 24 ಲಕ್ಷ. ಇಷ್ಟು ಚಿಕ್ಕ ನಾಡಿಗೆ ಏಕೆ ಹೋಗಬೇಕು, ಅದೂ ಬಸವನಹುಳುವಿನಂತೆ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಕ್ಯಾಂಪರ್ ವ್ಯಾನಿನಲ್ಲಿ ಏಕೆ ಹೋಗಬೇಕು ಎಂದು ಕೇಳಿದವರಿಗೆ ಆ ದಿನ ಕಾಫಿಯ ನಡುವೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಆ ಸಾಲವನ್ನು ಇಲ್ಲಿ ತೀರಿಸಲು ನೋಡುತ್ತೇನೆ.

ಇಟಲಿಯಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ಬಾಡಿಗೆಗೆ ಹಿಡಿದ ವ್ಯಾನು ಅದು. ಎರಡು ಮಂಚ, ಒಂದು ಗ್ಯಾಸಿನ ಒಲೆ, ನೀರಿನ ತೊಟ್ಟಿ, ಅಂಗೈಯಗಲದ ಬಚ್ಚಲು, ಮಡಿಸಿಡುವ ಮೇಜು. ಬೆಂಗಳೂರಿನಿಂದ ತಂದ ಅವಲಕ್ಕಿಯೂ ಉಪ್ಪಿನಕಾಯಿಯೂ ತಲೆಯ ಮೇಲಿನ ಗೂಡಿನಲ್ಲಿ. ಅಲ್ಬೇನಿಯಾದಲ್ಲಿ ರೈಲನ್ನು ನಂಬಿ ಹೊರಡುವಂತಿಲ್ಲ. ನೋಡತಕ್ಕ ಸ್ಥಳಗಳಾದರೋ ಒಂದು ಕಣಿವೆಯಲ್ಲಿ ಒಂದು, ಒಂದು ಬೆಟ್ಟದ ನೆತ್ತಿಯಲ್ಲಿ ಇನ್ನೊಂದು ಎಂಬಂತೆ ಚೆದರಿಕೊಂಡಿವೆ. ನಿಲ್ಲಬೇಕೆನಿಸಿದಲ್ಲಿ ನಿಲ್ಲಬಲ್ಲ ವಾಹನವೇ ಅಲ್ಲಿಗೆ ತಕ್ಕದ್ದು. ಇದು ಮೊದಲನೆಯ ಕಾರಣ. ಆದರೆ ಸಣ್ಣ ಕಾರಣ. ದೊಡ್ಡ ಕಾರಣವೆಂದರೆ, ಆ ನಾಡಿನ ಚರಿತ್ರೆಯೆಲ್ಲ ದಾರಿಗಳ ಚರಿತ್ರೆ. ಯಾರು ದಾರಿ ಮಾಡಿದರು, ಯಾರು ಅದರ ಮೇಲೆ ಬಂದರು, ಯಾರಿಗೆ ಅದು ಮುಚ್ಚಿತ್ತು ಎಂಬುದನ್ನು ತಿಳಿಯಬೇಕಾದರೆ ದಾರಿಯ ಮೇಲೆಯೇ ಕೆಲವು ದಿನ ಸಂಸಾರ ಹೂಡಬೇಕು.

ಇಟಲಿಯ ಬಾರಿ ಬಂದರಿನಲ್ಲಿ ರಾತ್ರಿ ವ್ಯಾನನ್ನು ಹಡಗಿನ ಹೊಟ್ಟೆಗೆ ತುಂಬಿ ಬೆಳಿಗ್ಗೆ ಡುರೆಸ್ ಎಂಬ ಅಲ್ಬೇನಿಯಾದ ಬಂದರಿನಲ್ಲಿ ಇಳಿದೆವು. ಅಲ್ಲಿನ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತಿರುವಿ, ಅದರ ಮೇಲಿನ ಸಿಂಹಗಳನ್ನು ನೋಡಿ, "ಇಂಡಿಯಾ! ನೆನೆ ತೆರೇಜಾ!" ಎಂದು ನಕ್ಕ. ನೆನೆ ಎಂದರೆ ಅವರ ಭಾಷೆಯಲ್ಲಿ ತಾಯಿ. ಆತ ಹೇಳಿದ್ದು ಮದರ್ ತೆರೇಸಾ ಅವರ ಹೆಸರು. ನಾನೂ ನಕ್ಕು ತಲೆದೂಗಿದೆ. ಆ ಮಾತಿನ ಹಿಂದೆ ಎಷ್ಟು ನೋವಿದೆಯೆಂಬುದು ಆ ಬೆಳಿಗ್ಗೆ ನನಗೆ ಹೊಳೆದಿರಲಿಲ್ಲ.

ಡುರೆಸ್ ನಗರವನ್ನು ರೋಮನರು ಡಿರಾಕಿಯಂ ಎನ್ನುತ್ತಿದ್ದರು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅವರು ಇಲ್ಲಿಂದ ಪೂರ್ವಕ್ಕೆ ಒಂದು ಹೆದ್ದಾರಿಯನ್ನು ಹಾಕಿದರು. ಅದನ್ನು ಹಾಕಿಸಿದ ಅಧಿಕಾರಿ ಎಗ್ನೇಷಿಯಸನ ಹೆಸರಿನಿಂದ ಅದು ವಿಯಾ ಎಗ್ನೇಷಿಯಾ ಆಯಿತು. ಶ್ಕುಂಬಿನ್ ಹೊಳೆಯ ಕಣಿವೆ ಹಿಡಿದು, ಬೆಟ್ಟವೇರಿ, ಓಹ್ರಿದ್ ಸರೋವರವನ್ನು ಬಳಸಿ, ಥೆಸಲೊನಿಕಾ ಮುಟ್ಟಿ, ಕೊನೆಗೆ ಬೈಜಾಂಟಿಯಮ್ಮಿಗೆ, ಎಂದರೆ ಇಂದಿನ ಇಸ್ತಾಂಬುಲ್ಲಿಗೆ ಸೇರುತ್ತಿದ್ದ ಸಾವಿರಕ್ಕೂ ಮಿಕ್ಕ ಕಿಲೋಮೀಟರುಗಳ ದಾರಿ. ರೋಮಿನಿಂದ ಇಟಲಿಯ ಕರಾವಳಿಗೆ ಬರುತ್ತಿದ್ದ ಆಪಿಯನ್ ಹೆದ್ದಾರಿ ಸಮುದ್ರದಲ್ಲಿ ಮುಳುಗಿ ಇಲ್ಲಿ ಮತ್ತೆ ಎದ್ದಂತೆ! ಈ ದಂಡೆಯಲ್ಲಿಯೇ ಕ್ರಿ.ಪೂ. 48ರಲ್ಲಿ ಸೀಸರನೂ ಪಾಂಪೆಯೂ ಎದುರುಬದುರಾಗಿ ಬೀಡುಬಿಟ್ಟರು. ಡಿರಾಕಿಯಮ್ಮಿನ ಬಳಿ ಸೀಸರ್ ಸೋಲುಂಡು ಹಿಂದೆಗೆದ. ಕ್ರಿ.ಶ. 1081ರಲ್ಲಿ ಇಟಲಿಯಿಂದ ಬಂದ ನಾರ್ಮನರು ಇಲ್ಲಿಯೇ ಬೈಜಾಂಟಿಯಮ್ಮಿನ ಚಕ್ರವರ್ತಿಯನ್ನು ಸೋಲಿಸಿದರು. ಮುಂದೆ ಕ್ರೂಸೇಡಿಗೆ ಹೊರಟ ದಂಡುಗಳೂ ಇದೇ ದಾರಿ ತುಳಿದವು. ನಗರದ ನಡುವೆ ರೋಮನರ ಬಯಲಾಟದ ರಂಗವೊಂದಿದೆ. ಅದು ಮಣ್ಣಿನಿಂದ ಹೊರಬಂದದ್ದು 1966ರಲ್ಲಿ. ಅದರ ಒಂದು ಭಾಗ ಇನ್ನೂ ಮನೆಗಳ ಅಡಿಯಲ್ಲಿದೆ. ಇತ್ತ ಕಲ್ಲಿನ ಆಸನಗಳ ಸಾಲು, ಅತ್ತ ಯಾರದೋ ಮಹಡಿಯಲ್ಲಿ ಒಣಹಾಕಿದ ಬಟ್ಟೆ.

ನಮ್ಮ ವ್ಯಾನು ಎಲ್ಬಸಾನಿನ ಕಡೆಗೆ ಆ ಕಣಿವೆಯಲ್ಲಿ ಸಾಗುವಾಗ ಅಳಿಯ ಕೇಳಿದ: "ಮಾವ, ಈ ದಾರಿ ಅಲ್ಬೇನಿಯದವರಿಗಾಗಿ ಹಾಕಿದ್ದಲ್ಲ ಅಂತೀರಾ?" ಒಳ್ಳೆಯ ಪ್ರಶ್ನೆ. ಸೈನಿಕರಿಗಾಗಿ ಹಾಕಿದ್ದು. ಎಲ್ಬಸಾನಿನ ಕೋಟೆಯನ್ನು ನೋಡಿದರೆ ಅದೇ ಕತೆಯ ಮುಂದಿನ ಅಧ್ಯಾಯ ಕಾಣುತ್ತದೆ. ಇಸ್ತಾಂಬುಲನ್ನು ಗೆದ್ದ ಸುಲ್ತಾನ್ ಎರಡನೆಯ ಮೆಹಮದನೇ 1466ರಲ್ಲಿ ಈ ಕೋಟೆಯನ್ನು ಕಟ್ಟಿಸಿದ, ಅದೂ ಒಬ್ಬ ಬೆಟ್ಟದ ಪಾಳೆಯಗಾರನನ್ನು ಹದ್ದಿನಲ್ಲಿಡುವುದಕ್ಕಾಗಿ.

ಆ ಪಾಳೆಯಗಾರನ ಹೆಸರು ಗ್ಯೆರ್ಗ್ ಕಾಸ್ತ್ರಿಯೋತಿ. ಬಾಲ್ಯದಲ್ಲಿ ಸುಲ್ತಾನನ ಆಸ್ಥಾನಕ್ಕೆ ಒತ್ತೆಯಾಳಾಗಿ ಹೋಗಿ, ಅಲ್ಲಿಯೇ ಯುದ್ಧವಿದ್ಯೆ ಕಲಿತು, ಸ್ಕಂದರ್‌ಬೆಗ್ ಎಂಬ ಹೆಸರು ಪಡೆದವನು. ಅಲೆಗ್ಸಾಂಡರನನ್ನು ನಾವು ಸಿಕಂದರ್ ಎನ್ನುವುದಿಲ್ಲವೆ, ಅದೇ ಹೆಸರು. 1443ರಲ್ಲಿ ಆತ ಸುಲ್ತಾನನ ಸೇನೆಯನ್ನು ಬಿಟ್ಟು ತನ್ನ ಊರಾದ ಕ್ರೂಯಕ್ಕೆ ಬಂದು ಕೋಟೆಯ ಮೇಲೆ ಕೆಂಪು ನೆಲದ ಇಬ್ಬಾಯಿ ಹದ್ದಿನ ಬಾವುಟ ಏರಿಸಿದನೆಂದು ಹೇಳುತ್ತಾರೆ; ಇಂದಿನ ರಾಷ್ಟ್ರಧ್ವಜವೂ ಅದೇ. ನಮ್ಮ ಗಂಡಭೇರುಂಡವನ್ನು ಕಂಡ ಕಣ್ಣಿಗೆ ಆ ಎರಡು ತಲೆಯ ಹಕ್ಕಿ ಅಪರಿಚಿತವೆನಿಸುವುದಿಲ್ಲ. 1450, 1466, 1467: ಮೂರು ಸಲ ತುರ್ಕರ ದೊಡ್ಡ ದಂಡು ಕ್ರೂಯವನ್ನು ಮುತ್ತಿ ಹಿಂದಿರುಗಿತು. 1468ರಲ್ಲಿ ಸ್ಕಂದರ್‌ಬೆಗ್ ತೀರಿಕೊಂಡ. ಹತ್ತು ವರ್ಷದ ಮೇಲೆ, 1478ರಲ್ಲಿ, ಕೋಟೆ ಬಿತ್ತು. ಮುಂದೆ ನಾಲ್ಕು ಶತಮಾನಕ್ಕೂ ಮಿಕ್ಕಿದ ತುರ್ಕರ ಆಳ್ವಿಕೆ. ಇಸ್ಮಾಯಿಲ್ ಖೆಮಾಲಿ ಎಂಬ ವೃದ್ಧ ರಾಜಕಾರಣಿ ಸ್ವಾತಂತ್ರ್ಯ ಘೋಷಿಸಿದ್ದು ದಕ್ಷಿಣದ ವ್ಲೋರ ಪಟ್ಟಣದಲ್ಲಿ, 28 ನವೆಂಬರ್ 1912ರಂದು. ಆ ಸ್ವಾತಂತ್ರ್ಯವೂ ಬಹುಕಾಲ ಉಳಿಯಲಿಲ್ಲ. 1939ರ ಏಪ್ರಿಲಿನಲ್ಲಿ ಮುಸೊಲಿನಿಯ ಸೇನೆ ಮತ್ತೆ ಅದೇ ಡುರೆಸಿನಲ್ಲಿ ಇಳಿಯಿತು. ದೊರೆ ಜೋಗ್ ಗಡಿ ದಾಟಿ ಹೋದ.

ವ್ಲೋರದಿಂದ ದಕ್ಷಿಣಕ್ಕೆ ಲೋಗರಾ ಎಂಬ ಘಾಟಿ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರು ಏರಿ ಮತ್ತೆ ಸಮುದ್ರಕ್ಕೇ ಇಳಿಯುವ ದಾರಿ. ನಮ್ಮ ಆಗುಂಬೆಯ ತಿರುವುಗಳನ್ನು ಬಲ್ಲವರಿಗೆ ಅಂಜಿಕೆ ಬೇಡ. ಆದರೆ ಕೆಳಗೆ ಕಾಡಿನ ಬದಲು ಅಯೋನಿಯನ್ ಸಮುದ್ರದ ನೀಲಿ. 2024ರಿಂದ ಈ ಬೆಟ್ಟದೊಳಗೆ ಸುರಂಗ ತೆರೆದಿದೆ. ಅವಸರದವರು ಅದರೊಳಗೆ ನುಗ್ಗಿ ನಿಮಿಷಗಳಲ್ಲಿ ಆಚೆ ಹೋಗುತ್ತಾರೆ. ನಾವು ಹಳೆಯ ದಾರಿಯಲ್ಲಿಯೇ ಹೋದೆವು. ಸೀಸರ್ ಪಾಂಪೆಯನ್ನು ಅಟ್ಟಿಕೊಂಡು ಬಂದು ಇಳಿದದ್ದು ಈ ಘಾಟಿಯ ಬುಡದ ಪಲಾಸ ಎಂಬಲ್ಲಿಯ ಕಡಲದಂಡೆಯಲ್ಲಿ.

ಆ ಸಂಜೆ ದಂಡೆಯ ಹತ್ತಿರ ಒಂದು ಆಲಿವ್ ತೋಟದ ಅಂಚಿನಲ್ಲಿ ವ್ಯಾನು ನಿಲ್ಲಿಸಿದೆವು. ತೋಟದ ಯಜಮಾನರು, ಎಪ್ಪತ್ತು ದಾಟಿದ ಮುದುಕರು, ಎದುರಿಗೆ ಬಂದರು. ರಾತ್ರಿ ಇಲ್ಲಿ ತಂಗಬಹುದೆ ಎಂದು ಅಳಿಯ ಇಟಾಲಿಯನ್ನಿನಲ್ಲಿ ಕೇಳಿದ. ಅವರು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಸರಿ, ಒಪ್ಪಿಗೆಯಿಲ್ಲವೆಂದು ಅವನು ವ್ಯಾನಿನ ಕೀಲಿ ತಿರುಗಿಸಿದರೆ ಮುದುಕರು ಓಡಿಬಂದು ಅಡ್ಡ ನಿಂತರು. ಅಲ್ಬೇನಿಯದ ಹಳಬರು ಹಾಗೆ ತಲೆಯಾಡಿಸಿದರೆ 'ಆಗಲಿ' ಎಂದರ್ಥ! ನಮ್ಮವರ ತಲೆಯಾಟವೂ ಪರದೇಶದವರನ್ನು ಹೀಗೆಯೇ ಕಾಡುತ್ತದೆಂಬುದನ್ನು ನೆನೆದು ನನಗೆ ನಗು ತಡೆಯಲಾಗಲಿಲ್ಲ.

ವ್ಯಾನಿನಿಂದ ಇಪ್ಪತ್ತು ಹೆಜ್ಜೆಯಾಚೆ ನೆಲದಲ್ಲಿ ಅರ್ಧ ಹುಗಿದ ಕಾಂಕ್ರೀಟಿನ ಬೋಗುಣಿಯೊಂದು ಬೋರಲಾಗಿ ಬಿದ್ದಂತಿತ್ತು. ಒಂದು ಸಣ್ಣ ಕಿಂಡಿ. ಆ ಕಿಂಡಿ ಸಮುದ್ರದ ಕಡೆಗೆ. ಅಲ್ಬೇನಿಯದಲ್ಲಿ ಎಲ್ಲಿ ಹೋದರೂ ಇವು ಕಣ್ಣಿಗೆ ಬೀಳುತ್ತವೆ: ಹೊಲದಲ್ಲಿ, ಸ್ಮಶಾನದ ಪಕ್ಕದಲ್ಲಿ, ಶಾಲೆಯ ಹಿಂದೆ. ಇವೇ ಎನ್ವರ್ ಹೋಜಾನ ಬಂಕರುಗಳು.

ಹೋಜಾ 1944ರಿಂದ 1985ರಲ್ಲಿ ಸಾಯುವವರೆಗೆ ಆ ದೇಶವನ್ನು ಆಳಿದ. ಮೊದಲು ಯುಗೋಸ್ಲಾವಿಯದೊಡನೆ ಸ್ನೇಹ. 1948ರಲ್ಲಿ ಅದು ಮುರಿಯಿತು. ಆಮೇಲೆ ರಷ್ಯ, 1961ರಲ್ಲಿ ಅದೂ ಮುರಿಯಿತು. ಆಮೇಲೆ ಚೀಣ, 1978ರಲ್ಲಿ ಅದೂ ಹೋಯಿತು. ಪ್ರತಿಯೊಬ್ಬ ಮಿತ್ರ ಹೋದಾಗಲೂ ಒಂದೊಂದು ಬಾಗಿಲು ಮುಚ್ಚಿತು. 1967ರಲ್ಲಿ ಮಸೀದಿಗಳಿಗೂ ಚರ್ಚುಗಳಿಗೂ ಬೀಗ ಬಿತ್ತು, ಪೂಜೆ ಅಪರಾಧವಾಯಿತು. ಅನುಮತಿಯಿಲ್ಲದೆ ಗಡಿ ದಾಟುವುದು ದೇಶದ್ರೋಹ. ಓಡಿಹೋದವನ ಮನೆಯವರನ್ನು ದೂರದ ಹಳ್ಳಿಗಳಿಗೆ ಅಟ್ಟುತ್ತಿದ್ದರು. ಯಾರೋ ದಾಳಿ ಮಾಡುವರೆಂಬ ಭಯದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಬಂಕರುಗಳನ್ನು ಕಟ್ಟಿದರು. ದಾಳಿ ಮಾತ್ರ ಬರಲೇ ಇಲ್ಲ. ಬಡವರಿಗೆ ಮನೆ ಕಟ್ಟಬಹುದಾಗಿದ್ದ ಸಿಮೆಂಟು ಕಬ್ಬಿಣವೆಲ್ಲ ಹೀಗೆ ನೆಲ ಸೇರಿತು.

ಇನ್ನೊಂದು ಸಂಗತಿಯನ್ನು ಓದುಗರು ನಂಬಲಾರರು. ಆ ಕಾಲವೆಲ್ಲ ಅಲ್ಬೇನಿಯದ ಸಾಮಾನ್ಯ ಪ್ರಜೆ ಸ್ವಂತ ಕಾರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಆ ನಿಷೇಧ ಹೋದದ್ದು 1991ರಲ್ಲಿ. ಕಾರುಗಳೆಲ್ಲ ಸರ್ಕಾರದವು; ಉಳಿದವರಿಗೆ ಬಸ್ಸು, ಸೈಕಲ್ಲು, ಕತ್ತೆ, ಕಾಲು. ಮುದುಕರು ನಮ್ಮ ವ್ಯಾನಿನ ಒಲೆ, ಮಂಚ, ತೊಟ್ಟಿ ಎಲ್ಲವನ್ನೂ ಮಗುವಿನಂತೆ ನೋಡಿದರು. ತಾವು ಮೊದಲ ಸಲ ಕಾರಿನಲ್ಲಿ ಕುಳಿತಾಗ ತಮಗೆ ಮಕ್ಕಳಾಗಿದ್ದವೆಂದರು. ತೋಟದ ತುದಿಯಿಂದ ಸಮುದ್ರದತ್ತ ಹೋಗುವ ಕಾಲುದಾರಿಯನ್ನು ತೋರಿಸಿ, "ಅಂದು ಸಂಜೆಯಾದ ಮೇಲೆ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋದವನು ಈಜಿ ಓಡಿಹೋಗಲು ಬಂದವನೆಂದು ಲೆಕ್ಕ" ಎಂದರು. ಅವರ ಇಟಾಲಿಯನ್ ಎಲ್ಲಿಂದ ಬಂತೆಂದು ಕೇಳಿದೆ. ಆಚೆ ದಡದ ಟೆಲಿವಿಷನ್ನನ್ನು ಕದ್ದು ನೋಡಿ ಕಲಿತದ್ದಂತೆ. ಸಮುದ್ರದಾಚೆ ಜನ ಹೇಗಿದ್ದಾರೆಂದು ನೋಡಬಹುದು, ಆದರೆ ಹೋಗುವಂತಿಲ್ಲ.

ರಾತ್ರಿ ಅವರು ಅಂಜೂರ, ಮೇಕೆಯ ಗಿಣ್ಣು, ಬೆಟ್ಟದ ಸೊಪ್ಪಿನ ಚಹಾ ತಂದರು. ಹಣವೆಂದ ಕೂಡಲೆ ಅವರ ಮುಖ ಗಂಟಾಯಿತು. ಆ ನಾಡಿನಲ್ಲಿ 'ಬೇಸ' ಎಂಬ ಮಾತಿದೆ. ಕೊಟ್ಟ ಭಾಷೆ, ಇಟ್ಟ ನಂಬಿಕೆ ಎರಡೂ ಅದರ ಅರ್ಥ. ಮನೆಗೆ ಬಂದವನ ಜೀವಕ್ಕೆ ಮನೆಯವನೇ ಹೊಣೆ ಎಂಬುದು ಅದರ ಒಂದು ಮುಖ. 1943ರಲ್ಲಿ ಇಟಲಿ ಶರಣಾಗಿ ಜರ್ಮನರು ಅಲ್ಬೇನಿಯವನ್ನು ಹಿಡಿದಾಗ ಇದರ ಪರೀಕ್ಷೆಯಾಯಿತು. ಯೂರೋಪಿನ ಬೇರೆಡೆಗಳಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯರನ್ನು ಮುಸ್ಲಿಮರು, ಕ್ರೈಸ್ತರು ಎನ್ನದೆ ಹಳ್ಳಿಹಳ್ಳಿಯ ಜನ ತಮ್ಮ ಮನೆಗಳಲ್ಲಿ ಬಚ್ಚಿಟ್ಟರು, ತಮ್ಮ ಬಟ್ಟೆ ತೊಡಿಸಿ ತಮ್ಮ ಹೆಸರಿಟ್ಟರು. ಯುದ್ಧ ಮುಗಿದಾಗ ಆ ದೇಶದಲ್ಲಿ ಯೆಹೂದ್ಯರು ಯುದ್ಧಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚಿದ್ದರು. ಇಂಥ ಜನ ಮುಂದೆ ನಾಲ್ಕು ದಶಕ ಅತಿಥಿಗೆ ಬಾಗಿಲು ತೆಗೆಯುವಂತಿರಲಿಲ್ಲವೆಂದರೆ ಅವರ ಮನಸ್ಸಿಗೆ ಎಷ್ಟು ಭಾರವಾಗಿದ್ದಿರಬೇಕು!

ಮರುದಿನ ಬುತ್ರಿಂತ್. ಗ್ರೀಕರ ನಾಟಕರಂಗ, ರೋಮನರ ಸ್ನಾನಗೃಹ, ಆರನೆಯ ಶತಮಾನದ ಕ್ರೈಸ್ತರ ದೀಕ್ಷಾಮಂದಿರ, ವೆನಿಸ್ಸಿನವರ ಗೋಪುರ, ಎಲ್ಲವೂ ಒಂದೇ ಕಾಡಿನಲ್ಲಿ. 1959ರಲ್ಲಿ ರಷ್ಯದ ಕ್ರುಶ್ಚೇವ್ ಇಲ್ಲಿಗೆ ಬಂದಿದ್ದ. ಅವಶೇಷಗಳನ್ನು ನೋಡುವುದು ಬಿಟ್ಟು, ಜಲಾಂತರ್ಗಾಮಿಗಳಿಗೆ ಇದು ಎಂಥ ಒಳ್ಳೆಯ ನೆಲೆ ಎಂದು ಲೆಕ್ಕ ಹಾಕಿದನೆಂದು ಹೋಜಾ ತನ್ನ ನೆನಪುಗಳಲ್ಲಿ ದೂರಿದ್ದಾನೆ. ಅಲ್ಲಿಯ ಕಾಲುವೆ ದಾಟಲು ಸೇತುವೆಯಿಲ್ಲ. ಉಕ್ಕಿನ ಹಗ್ಗ ಹಿಡಿದು ಎಳೆಯುವ ಹಲಗೆಯ ತೆಪ್ಪ. ನಮ್ಮ ವ್ಯಾನು ಅದರ ಮೇಲೆ ನಿಂತು, ಸಂಕೋಚದಿಂದ ನಡುಗುತ್ತ ಆಚೆ ಸೇರಿತು.

ಅಲ್ಲಿಂದ ಒಳನಾಡಿನ ಜಿರೋಕಾಸ್ತ್ರ. ಕಲ್ಲಿನ ಗೋಡೆ, ಕಲ್ಲಿನ ಬೀದಿ, ಮಾಡಿಗೂ ಹೆಂಚಿನ ಬದಲು ಕಲ್ಲು. ಇಬ್ಬರು ಇಲ್ಲಿ ಹುಟ್ಟಿದರು. 1908ರಲ್ಲಿ ಎನ್ವರ್ ಹೋಜಾ. 1936ರಲ್ಲಿ ಇಸ್ಮಾಯಿಲ್ ಕದರೆ ಎಂಬ ಕಾದಂಬರಿಕಾರ. ಒಬ್ಬ ಬಾಗಿಲುಗಳನ್ನು ಮುಚ್ಚಿದ. ಇನ್ನೊಬ್ಬ ಮುಚ್ಚಿದ ಬಾಗಿಲೊಳಗೆ ಕುಳಿತು ಬರೆದ ಪುಸ್ತಕಗಳು ಗಡಿ ದಾಟಿ ಲೋಕವನ್ನು ಸುತ್ತಿದವು. ಈ ಊರಿನಲ್ಲಿ ಕಳೆದ ತನ್ನ ಬಾಲ್ಯವನ್ನೇ ಕದರೆ ಕಾದಂಬರಿ ಮಾಡಿದ. 2005ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಮೊದಲು ಪಡೆದವನು ಅವನೇ, 2024ರಲ್ಲಿ ತೀರಿಕೊಂಡ. ಊರಿನ ಕೋಟೆಯಲ್ಲಿ 1957ರಲ್ಲಿ ಇಳಿಯಬೇಕಾಗಿ ಬಂದ ಅಮೆರಿಕದ ಒಂದು ವಿಮಾನ ತುಕ್ಕು ಹಿಡಿದು ನಿಂತಿದೆ. ಹೊರಗಿನವರೆಲ್ಲ ಶತ್ರುಗಳೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ತೋರಿಸುತ್ತಿದ್ದರಂತೆ.

ಕೊನೆಗೆ ರಾಜಧಾನಿ ಟಿರಾನಾ. ಹೋಜಾ ತನಗೂ ತನ್ನವರಿಗೂ ಬೆಟ್ಟದಡಿ ಕಟ್ಟಿಸಿದ ದೊಡ್ಡ ಬಂಕರು 2014ರಿಂದ ವಸ್ತುಸಂಗ್ರಹಾಲಯವಾಗಿದೆ. ಅದನ್ನು ನೋಡಿ ಹೊರಬಂದಾಗ ವಿಮಾನ ನಿಲ್ದಾಣದ ದಾರಿ ತೋರಿಸುವ ಫಲಕದಲ್ಲಿ ಮತ್ತೆ ಅದೇ ಹೆಸರು: ನೆನೆ ತೆರೇಜಾ. ಡುರೆಸಿನ ಅಧಿಕಾರಿಯ ನಗು ಆಗ ನೆನಪಾಯಿತು.

ಮದರ್ ತೆರೇಸಾ 1910ರಲ್ಲಿ ಹುಟ್ಟಿದ್ದು ಈಗ ಉತ್ತರ ಮೆಸಿಡೋನಿಯದಲ್ಲಿರುವ ಸ್ಕೋಪಿಯೆ ನಗರದ ಅಲ್ಬೇನಿಯನ್ ಮನೆಯಲ್ಲಿ. 1928ರಲ್ಲಿ ಸನ್ಯಾಸಿನಿಯಾಗಲು ಮನೆ ಬಿಟ್ಟರು. ಮರುವರ್ಷ ಕಲ್ಕತ್ತೆಗೆ ಬಂದರು. ಅವರ ತಾಯಿ ದ್ರಾನೆ, ಅಕ್ಕ ಆಗೆ ಟಿರಾನಾದಲ್ಲಿ ನೆಲೆಸಿದರು. ಹೋಜಾನ ಕಾಲದಲ್ಲಿ ತಾಯಿ ಮಕ್ಕಳ ನಡುವೆ ಗಡಿ ಬಂದಿತು. ಮುಪ್ಪಿನ ತಾಯಿ ಒಮ್ಮೆ ಮಗಳನ್ನು ನೋಡಬೇಕೆಂದಳು. ಆಕೆಯನ್ನು ಹೊರಗೆ ಬಿಡಲಿಲ್ಲ. ಮಗಳನ್ನು ಒಳಗೆ ಬಿಡಲಿಲ್ಲ. 1972ರ ಜುಲೈಯಲ್ಲಿ ತಾಯಿ ತೀರಿಕೊಂಡಳು, ಮರುವರ್ಷ ಅಕ್ಕ. ಲೋಕದಲ್ಲಿ ದಿಕ್ಕಿಲ್ಲದೆ ಸಾಯುವವರ ಕೈಹಿಡಿದು ಕುಳಿತವರಿಗೆ ಹೆತ್ತ ತಾಯಿಯ ಕೈ ಹಿಡಿಯಲಾಗಲಿಲ್ಲ. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೇಲೂ ಆ ಬಾಗಿಲು ತೆರೆಯಲು ಹತ್ತು ವರ್ಷ ಹಿಡಿಯಿತು. 1989ರಲ್ಲಿ ಅವರು ಟಿರಾನಾಕ್ಕೆ ಬಂದಾಗ ಉಳಿದಿದ್ದದ್ದು ಎರಡು ಸಮಾಧಿಗಳು. ಅವುಗಳ ಮೇಲೆ ಹೂವಿಟ್ಟು ಹಿಂತಿರುಗಿದರು. ಇಂದು ಆ ದೇಶಕ್ಕೆ ಬರುವ, ಅಲ್ಲಿಂದ ಹೊರಡುವ ವಿಮಾನಯಾತ್ರಿಗಳಲ್ಲಿ ಬಹುಪಾಲು ಜನ ಆಕೆಯ ಹೆಸರಿನ ನಿಲ್ದಾಣದ ಮೂಲಕವೇ ಹಾಯುತ್ತಾರೆ. ಆ ಹೆಸರಿಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ; ನನಗೆ ಅದೊಂದು ಪ್ರಾಯಶ್ಚಿತ್ತದಂತೆ ತೋರಿತು.

1990ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 1991ರ ಫೆಬ್ರವರಿಯಲ್ಲಿ ಟಿರಾನಾದ ಚೌಕದಲ್ಲಿದ್ದ ಹೋಜಾನ ಪ್ರತಿಮೆ ಉರುಳಿತು. ಅದೇ ಆಗಸ್ಟಿನಲ್ಲಿ 'ವ್ಲೋರ' ಎಂಬ ಸರಕು ಹಡಗು ಕ್ಯೂಬಾದ ಸಕ್ಕರೆ ಹೇರಿಕೊಂಡು ಡುರೆಸಿಗೆ ಬಂದಾಗ ಸಾವಿರಾರು ಜನ ಅದರ ಮೇಲೆ ಹತ್ತಿದರು. ಏಣಿ, ಹಗ್ಗ, ಕೂವೆಮರ, ಎಲ್ಲಿ ಕೈಗೆ ಸಿಕ್ಕಿದರೆ ಅಲ್ಲಿ. ಸುಮಾರು ಇಪ್ಪತ್ತು ಸಾವಿರ ಜನರನ್ನು ಹೊತ್ತು ಆ ಹಡಗು 8 ಆಗಸ್ಟ್ 1991ರಂದು ಬಾರಿ ಬಂದರು ಮುಟ್ಟಿತು. ಇಟಲಿಯ ಸರ್ಕಾರ ಅವರನ್ನು ಕ್ರೀಡಾಂಗಣದಲ್ಲಿ ಕೂಡಿಹಾಕಿ, ಹೆಚ್ಚಿನವರನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ಕಳುಹಿಸಿತು.

ಹಿಂತಿರುಗುವ ರಾತ್ರಿ ಡುರೆಸಿನಲ್ಲಿ ನಮ್ಮ ಹಡಗು ಹೊರಟಾಗ ಅಳಿಯನೂ ನಾನೂ ಮೇಲಿನ ಅಟ್ಟದಲ್ಲಿ ನಿಂತಿದ್ದೆವು. ಕೆಳಗೆ ಕಾರುಗಳ ನಡುವೆ ನಮ್ಮ ಗಾಲಿಯ ಮನೆ ಬೆಚ್ಚಗೆ ನಿಂತಿತ್ತು. ಸುತ್ತ ಅಲ್ಬೇನಿಯದ ಸಂಸಾರಗಳು: ಇಟಲಿಯಲ್ಲಿ ಕೆಲಸಕ್ಕೆ ಹೋಗುವ ಮಕ್ಕಳು, ಅವರಿಗೆ ಗಿಣ್ಣಿನ ಡಬ್ಬಿ ಕಟ್ಟಿಕೊಟ್ಟು ಬಂದರಿನವರೆಗೆ ಬಂದು ಕೈಬೀಸುವ ತಾಯಂದಿರು. "ಮಾವ, ನಾವು ಬಂದ ದಾರಿಯೇ ಅಲ್ಲವೆ ಇದು? ಇದರಲ್ಲೇನಿದೆ ನೋಡಲು?" ಎಂದ ಅಳಿಯ. ನೋಡಲು ಏನೂ ಇರಲಿಲ್ಲ. ಬರಿಯ ಕತ್ತಲೆಯ ನೀರು. ಆದರೂ ನಾನು ಬಹಳ ಹೊತ್ತು ನಿಂತಿದ್ದೆ. ಎರಡು ಸಾವಿರ ವರ್ಷ ದಂಡುಗಳು ದಾಟಿದ ನೀರು ಅದು. ಟಿರಾನಾದ ಒಬ್ಬ ಮುದುಕಿಗೆ ಅದನ್ನು ದಾಟಿ ಮಗಳ ಕಡೆಗೆ ಹೋಗಲಾಗಿರಲಿಲ್ಲ. ನಾವಾದರೋ ಮಂಚ, ಒಲೆ, ಉಪ್ಪಿನಕಾಯಿಯ ಜಾಡಿಯ ಸಮೇತ ನಿದ್ದೆಯಲ್ಲಿ ದಾಟುತ್ತಿದ್ದೆವು.

ಅಲ್ಬೇನಿಯಾಕ್ಕೆ ಏಕೆ ಹೋಗಬೇಕೆಂದು ಕೇಳಿದ ಸ್ನೇಹಿತರಿಗೆ ಈಗ ಹೇಳುತ್ತೇನೆ. ಬೇಕಾದಾಗ ಹೊರಟು ಬೇಕಾದಲ್ಲಿ ನಿಲ್ಲುವುದು ಎಷ್ಟು ದೊಡ್ಡ ಭಾಗ್ಯವೆಂಬುದನ್ನು ನಾನು ಬೇರಾವ ದೇಶದಲ್ಲಿಯೂ ಅಷ್ಟು ಸ್ಪಷ್ಟವಾಗಿ ಅರಿತಿಲ್ಲ. ಪ್ಯಾರಿಸಿನ ಗೋಪುರ ಎಲ್ಲಿಯೂ ಹೋಗುವುದಿಲ್ಲ. ಅದನ್ನು ಇನ್ನೊಂದು ಸಲ ನೋಡಿದರಾಯಿತು.